ಮರಿ ಯಾರದೆಂದು ಅವ್ವ ಕೇಳಿದಾಗ

ಸಂಕ್ರಾಂತಿ ಕಳೆದ ವಾರ, ಹೆಗಲಿಗೆ ಐಸ್ ಡಬ್ಬಿ ಹಾಕಿಕೊಂಡು ನಾನು ನಮ್ಮ ಮನೆಯ ಕುರಿಹಟ್ಟಿಗೇ ಡ್ಯೂಟಿ ಮೇಲೆ ಹೋದೆ. ಗಡಿಯ ತೆಲುಗು ಸೀಮೆಯಲ್ಲಿರುವ ಕೋಸಗಿ ಮಂಡಲದಲ್ಲಿ ನಾನು ಪಶುಸಂಗೋಪನೆ ಇಲಾಖೆಯ ಸಹಾಯಕಿ. ಕುರಿಗಳಿಗೆ ಬರುವ ಪಿಪಿಆರ್ ರೋಗಕ್ಕೆ ಲಸಿಕೆ ಹಾಕುವ ಸರದಿ ನಮ್ಮೂರಿಗೆ ಬಂದಿತ್ತು. ಮೂಗು ಸುರಿದು, ಭೇದಿ ಹತ್ತಿ, ಹಿಂಡಿಗೆ ಹಿಂಡೇ ಮಲಗಿಬಿಡುವ ರೋಗ ಅದು. ಹಾಗಾಗಿ ಒಂದು ಹಟ್ಟಿಯನ್ನೂ ಬಿಡುವಂತಿಲ್ಲ. ಊರು ಮುಗಿಸಲು ಐದು ದಿನ ಬೇಕಿತ್ತು. ನಾನಿರುವ ಬಾಡಿಗೆ ಕೋಣೆ ಹದಿನೈದು ಕಿಲೋಮೀಟರ್ ದೂರ. ಅಷ್ಟೂ ದಿನ ಮನೆಯಲ್ಲೇ ಉಳಿಯುವುದೆಂದು ಬಟ್ಟೆ ತಂದಿದ್ದೆ.

ಅವ್ವ ಹಟ್ಟಿಯ ಬಾಗಿಲಿಗಿಟ್ಟ ಮುಳ್ಳುಕಂಟಿ ಸರಿಸುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾರಮ್ಮಾ ಸರಕಾರ. ಉಣ್ಣಾಕ ಬಂದಿಯೋ, ಚುಚ್ಚಾಕ ಬಂದಿಯೋ?"

"ಮೊದಲು ಚುಚ್ಚೂದು, ಆಮ್ಯಾಲ ಉಣ್ಣೂದು."

"ನಮ್ಮ ಕುರಿಗಿ ನಿನಕಿಂತ ಜಾಸ್ತಿ ತಿಳಿವಳಿಕಿ ಐತಿ. ಅವು ಮೊದಲು ಉಂಡು, ಆಮ್ಯಾಲ ಒದೀತಾವ."

ಅವ್ವನಿಗೆ ಅರವತ್ತೆಂಟೋ ಎಪ್ಪತ್ತೋ. ಆಧಾರ್ ಒಂದು ಹೇಳುತ್ತದೆ, ಅವ್ವ ಇನ್ನೊಂದು ಹೇಳುತ್ತಾಳೆ, ಇಬ್ಬರಲ್ಲಿ ನಂಬಿಕಸ್ಥರು ಯಾರೆಂದು ನಾನು ತೀರ್ಪು ಕೊಡಲು ಹೋಗಿಲ್ಲ. ಆದೋನಿಯ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಾಗಲೆಲ್ಲ ಊರವರು, 'ಇದು ತಾಯಿ ಬಾಯಿ' ಎನ್ನುತ್ತಿದ್ದರು. ವೇದಿಕೆಯ ಮೇಲೆ ನನ್ನದು ತೆಲುಗು. ಮನೆಯಲ್ಲಿ ಜಗಳವಾಡಿ ಪಳಗಿದ್ದು ಕನ್ನಡದಲ್ಲಿ, ಅವ್ವನ ಎದುರು. ಅವಳ ಎದುರು ನಾನು ಗೆದ್ದ ನೆನಪಿಲ್ಲ.

ಬಾಟಲಿಯಲ್ಲಿ ಪುಡಿಯಾಗಿರುವ ಲಸಿಕೆಯನ್ನು ತಣ್ಣಗಿನ ದ್ರಾವಣದಲ್ಲಿ ಕಲಸಿದರೆ ಎರಡು ಗಂಟೆಯೊಳಗೆ ಖರ್ಚಾಗಬೇಕು. ಬಿಸಿಲು ತಾಗಿದರೆ ನೀರು ಚುಚ್ಚಿದಂತೆಯೇ. ಅಣ್ಣ ಒಂದೊಂದೇ ಕುರಿ ಹಿಡಿದು ಮಂಡಿಯ ನಡುವೆ ಒತ್ತಿಕೊಳ್ಳುತ್ತಿದ್ದ. ನಾನು ಕುತ್ತಿಗೆಯ ಸಡಿಲ ಚರ್ಮ ಎತ್ತಿ ಒಂದು ಎಂಎಲ್ ಹಾಕಿ, ಕಿವಿಗೆ ನಂಬರಿನ ಟ್ಯಾಗ್ ಒತ್ತಿ, ಬೆನ್ನಿಗೆ ಸುಣ್ಣದ ಗೀರೆಳೆಯುತ್ತಿದ್ದೆ. ಟ್ಯಾಗಿನ ನಂಬರ್, ಆ ಕುರಿಯ ಮರಿ ಯಾವುದು, ಎರಡನ್ನೂ ಅತ್ತಿಗೆ ಹೇಳುತ್ತಿದ್ದಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕುರಿಯ ಗುರುತು ಹೇಳುವ ಕೆಲಸ ಅವ್ವನದಲ್ಲವೇ ಎಂದು ಆಗ ನನಗೆ ಹೊಳೆಯಲಿಲ್ಲ. ಅವ್ವ ಕಲ್ಲಿನ ಮೇಲೆ ಕೂತು ನಾನು ಸೂಜಿ ಹಿಡಿಯುವ ರೀತಿಯನ್ನು ಟೀಕೆ ಮಾಡುತ್ತಿದ್ದಳು. ಅದೂ ಒಂದು ಕೆಲಸವೇ ಎಂದುಕೊಂಡೆ.

ನೂರಿಪ್ಪತ್ತು ಕುರಿ ಮುಗಿದ ಮೇಲೆ ಅತ್ತಿಗೆ ಕಣ್ಸನ್ನೆ ಮಾಡಿ ಮರಿಗಳ ಗೂಡಿನ ಕಡೆ ಕರೆದಳು. ಒಂದು ಮರಿಯನ್ನು ಎತ್ತಿ ನನ್ನ ಕೈಗಿಟ್ಟಳು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಬಾಯೊಳಗೆ ಬೆರಳಿಟ್ಟೆ, ತಣ್ಣಗಿತ್ತು. ಹಸಿವಿನಿಂದ ಸಾಯುವ ಮರಿಯ ಬಾಯಿ ಹಾಗೆ ತಣ್ಣಗಿರುತ್ತದೆ.

"ಇದು ಮೂರನೇದು ತಂಗಿ. ಎರಡು ಹೂಳೀನಿ," ಅಂದಳು ಅತ್ತಿಗೆ. "ಅತ್ತಿ ಹಾಲಿಗಿ ಬಿಟ್ಟೀನಿ ಅಂತಾಳ. ಬಿಟ್ಟಿರಂಗಿಲ್ಲ. ಮರ್ತು, ಕುಡಿಸಿದ್ದನ್ನೇ ಮತ್ತ ಕುಡಸ್ತಾಳ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುರಿ ಮೇಯಲು ಹೋದಾಗ ಮರಿಗಳು ಗೂಡಿನಲ್ಲಿರುತ್ತವೆ. ಸಂಜೆ ಕುರಿ ಬಂದಾಗ ಗೂಡು ತೆರೆದರೆ ಮುಕ್ಕಾಲು ಪಾಲು ಮರಿಗಳು ತಮ್ಮ ತಾಯಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಉಳಿದವು, ಅಂದರೆ ಅವಳಿ ಮರಿ, ಬಡಕಲು ಮರಿ, ಮೊದಲ ಸಲ ಈದ ಕುರಿ ಒದ್ದು ಓಡಿಸುವ ಮರಿ, ಇವನ್ನು ಕೈಯಾರೆ ಹಿಡಿದು, ತಾಯಿಯನ್ನು ಒತ್ತಿ ನಿಲ್ಲಿಸಿ ಕುಡಿಸಬೇಕು. ಆ ವರ್ಷ ಅಂಥವು ಹನ್ನೊಂದಿದ್ದವು. ನನಗೆ ತಿಳಿವಳಿಕೆ ಬಂದಾಗಿನಿಂದ ಅದು ಅವ್ವನ ಕೆಲಸ. ಅವಳಿಗೆ ಕುರಿಯ ಮುಖ ಕಂಡರೆ ಮರಿಯ ಮುಖ ಕಾಣುತ್ತಿತ್ತು.

ಇನ್ನೆರಡು ವಾರಕ್ಕೆ ಹಿಂಡು ನಂದವರಂ ಕಡೆ, ತುಂಗಭದ್ರೆಯ ದಂಡೆಗೆ ಹೊರಡುವುದಿತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಮೂರು ದಿನಕ್ಕೊಂದು ಕಡೆ ಹಟ್ಟಿ ಹೂಡುತ್ತ ಮಳೆಗಾಲದವರೆಗೆ ಅಲ್ಲೇ ಇರುವುದು ವಾಡಿಕೆ. ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ.

"ಈ ಸಲ ಅತ್ತಿ ಬರೂದು ಬ್ಯಾಡ," ಅಂದಳು ಅತ್ತಿಗೆ. "ಸುತ್ತ ಕಾಲುವಿ, ದಿನಕ್ಕೊಂದು ಹೊಸ ಹೊಲ. ಮರಿ ಹೋದರ ಹೋಗ್ಲಿ, ಅತ್ತಿನ್ನ ಎಲ್ಲಿ ಹುಡುಕಲಿ ನಾನು?"

ನಾನು ಆ ಬಡಕಲು ಮರಿಯ ತಾಯಿಯ ಹಾಲು ಹಿಂಡಿ, ಬೆಚ್ಚಗೆ ಮಾಡಿ ಬಾಟಲಿಯಲ್ಲಿ ಕುಡಿಸುತ್ತಲೇ ಅತ್ತಿಗೆಯನ್ನು ಪಾಟೀಸವಾಲಿಗೆ ಹಿಡಿದೆ. ಅವ್ವ ಕುಡಿಸದೆ ಬಿಟ್ಟದ್ದನ್ನು ಕಣ್ಣಾರೆ ನೋಡಿದ್ದೀಯಾ? ಎಷ್ಟು ಸಲ? ಮರಿಗೇ ಚೀಪುವ ಶಕ್ತಿ ಇಲ್ಲದಿರಬಹುದಲ್ಲ? ಕೆಚ್ಚಲು ಬಾವು ಬಂದಿದೆಯೇ ನೋಡಿದೆಯಾ? ಅವಳು ಪತ್ತಿಕೊಂಡದ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಾಳೆ. "ನಾಕು ತೆಲೀದಾ? ನನಗ ಗೊತ್ತಿಲ್ಲೇನು? ನೀ ಮೂರು ದಿನ ಬಂದು ವಾದ ಮಾಡಿ ಹೋಗ್ತಿ. ದಿನಾ ಇರಾಕಿ ನಾನು," ಎಂದು ಬಾಟಲಿ ಕಸಿದುಕೊಂಡಳು.

ಸೊಸೆಗೆ ಹಟ್ಟಿಯ ಯಜಮಾನಿಕೆ ಬೇಕಾಗಿದೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಸಾಕ್ಷ್ಯ ಕೇಳುತ್ತಿದ್ದ ನನಗೆ ಅದಕ್ಕೆ ಮಾತ್ರ ಯಾವ ಸಾಕ್ಷ್ಯವೂ ಬೇಕಾಗಲಿಲ್ಲ.

ಕೆಚ್ಚಲು ಮುಟ್ಟಿ ನೋಡಿದೆ. ಬಾವಿಲ್ಲ, ಬಿಸಿಯಿಲ್ಲ, ಹಾಲು ತುಂಬಿ ಬಿಗಿದಿತ್ತು. ಸರಿ, ಪರೀಕ್ಷೆಯೇ ಆಗಲಿ ಎಂದುಕೊಂಡೆ. ಎರಡನೆಯ ದಿನ ಸಂಜೆ, ಕುರಿ ಬರುವ ಹೊತ್ತಿಗೆ, ಗಾಯಕ್ಕೆ ಹಚ್ಚುವ ನೇರಳೆ ಔಷಧವನ್ನು ಮೂರು ಕುರಿಗಳ ಮೊಲೆಯ ಸುತ್ತ ಹಚ್ಚಿದೆ. ಕುಡಿದ ಮರಿಯ ಮೂತಿ ನೇರಳೆಯಾಗಲೇಬೇಕು. ಅವ್ವ ಕುಡಿಸುವಾಗ ನಾನು ಬೇಕೆಂದೇ ದೂರ ಹೋದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಆ ಮೂರರ ಪೈಕಿ ಒಂದು ಮರಿಯ ಮೂತಿ ನೇರಳೆಯಾಗಿತ್ತು, ಎರಡರದು ಬೆಳ್ಳಗೇ ಇತ್ತು. ಯಾರ ಲೆಕ್ಕಕ್ಕೂ ಇಲ್ಲದ ಒಂದು ದಪ್ಪ ಟಗರುಮರಿ ಬೇರೆ ಗಲ್ಲದವರೆಗೆ ನೇರಳೆ ಬಳಿದುಕೊಂಡು ಕುಣಿಯುತ್ತಿತ್ತು.

"ಅವ್ವಾ, ಇವೆರಡು ಕುಡಿದಿಲ್ಲ."

"ಆ ಔಷಧ ನೀ ನೆಕ್ಕಿ ನೋಡಿಯೇನು?"

"ಇಲ್ಲ."

"ನೆಕ್ಕು."

ನೆಕ್ಕಿದೆ. ವಿಷದಂಥ ಕಹಿ. ನನ್ನ ನಾಲಿಗೆ ನೋಡಿ ಅಣ್ಣ ನಕ್ಕ, ಅತ್ತಿಗೆಯೂ ನಗು ತಡೆಯಲಾಗದೆ ಆ ಕಡೆ ತಿರುಗಿದಳು.

"ಕಹಿ ಮೊಲಿಗಿ ಬಡಕಲು ಮರಿ ಬಾಯಿ ಹಾಕ್ತಾವೇನು?" ಅಂದಳು ಅವ್ವ. "ಆ ಟಗರು ಬೂದಿ ಕೊಟ್ರೂ ತಿಂತೈತಿ. ನಿನ್ನ ಬಣ್ಣದ ಕಾಲಾಗ ಎರಡು ಮರಿ ಉಪಾಸ ಬಿದ್ದವು. ಇದಕ್ಕ ಸರಕಾರ ಪಗಾರ ಕೊಡ್ತೈತೇನು ನಿನಗ?"

ಆಕ್ಷೇಪ ನ್ಯಾಯವಾಗಿತ್ತು. ನನ್ನ ಪರೀಕ್ಷೆಯೇ ಫಲಿತಾಂಶವನ್ನು ಕೆಡಿಸಿತ್ತು. ಸೋತದ್ದಕ್ಕೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಇಷ್ಟು ಚುರುಕಾಗಿ ವಾದ ಮಾಡುವ ಹೆಂಗಸಿಗೆ ಮರೆವಂತೆ! ಅತ್ತಿಗೆಯ ಕಡೆ ನೋಡಿ ಹುಬ್ಬು ಹಾರಿಸಿದೆ. ಅವಳು ಆ ಎರಡು ಮರಿಗಳಿಗೆ ಬಾಟಲಿ ಹಿಡಿದಳು.

ಮೂರನೆಯ ಸಂಜೆ ಬಣ್ಣ ಬಿಟ್ಟು, ನೋಟ್‌ಬುಕ್ ಹಿಡಿದು ಅವ್ವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಅವ್ವ ಉತ್ಸಾಹದಲ್ಲಿದ್ದಳು. ಮೊದಲನೆಯ ಮರಿಯನ್ನು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದಳು.

"ಹೇಳು ನೋಡೋಣ, ಇದು ಯಾರದು?"

"ಚುಕ್ಕಿದು."

"ಭಲೆ. ಇದು?"

"ಕರಿಮೂತಿದು. ಅವಳಿಯೊಳಗ ಸಣ್ಣದು."

"ಸಾಲಿ ಕಲಿತು ಕೆಟ್ಟಿಲ್ಲ ನೀನು. ಇದು?"

ಹನ್ನೊಂದನ್ನೂ ಸರಿಯಾಗಿ ಹೇಳಿದೆ. ಬೆಳೆದದ್ದೇ ಹಟ್ಟಿಯಲ್ಲಿ, ಮೇಲಾಗಿ ಮೊದಲ ದಿನ ನಾನೇ ಬರೆದುಕೊಂಡಿದ್ದೆ. ಹನ್ನೊಂದು ಮರಿಗಳೂ ತಮ್ಮ ತಮ್ಮ ತಾಯಿಯ ಹಾಲು ಕುಡಿದವು, ಒಂದೂ ತಪ್ಪಲಿಲ್ಲ. ಊಟಕ್ಕೆ ಕೂತಾಗ ಅಣ್ಣ-ಅತ್ತಿಗೆಯ ಮುಂದೆ ನಾನು ತೀರ್ಪು ಓದಿದೆ: "ಹನ್ನೊಂದಕ್ಕ ಹನ್ನೊಂದು. ಅವ್ವ ಹೊಳಿಗಿ ಬರ್ತಾಳ. ಇನ್ನ ಈ ಮಾತು ಸಾಕು." ಅಣ್ಣನ ಮುಖ ಸಡಿಲವಾಯಿತು. ಅವನಿಗೂ ಅದೇ ಬೇಕಿತ್ತು. ಅತ್ತಿಗೆ ಮಾತ್ರ ರೊಟ್ಟಿ ಬಡಿಯುತ್ತ, ತಲೆಯೆತ್ತದೆ, "ತಾಯಿ ಹೆಸರು ಯಾರು ಹೇಳಿದ್ರು?" ಅಂದಳು. ಅದು ನನ್ನ ತಲೆಯೊಳಗೆ ಇಳಿಯಲಿಲ್ಲ.

ಇಳಿದದ್ದು ಮಾರನೆಯ ದಿನ ಬೆಳಿಗ್ಗೆ, ಬೇರೆಯವರ ಹಟ್ಟಿಯಲ್ಲಿ. ಅವರ ಕುರಿಗಳು ರಾತ್ರಿ ತಂಗಿದ ಹೊಲದಿಂದ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಲಸಿಕೆ ಕಲಸಿದರಾಯಿತೆಂದು ಡಬ್ಬಿ ಮುಚ್ಚಿ, ಬೇವಿನ ಮರದ ಕೆಳಗೆ ಕೂತು ನೋಟ್‌ಬುಕ್ ತೆರೆದೆ. ಚರ್ಚೆಗೆ ಕೂತಾಗ ಎದುರಾಳಿಯ ಮಾತನ್ನು ಎಡಕ್ಕೆ, ನನ್ನದನ್ನು ಬಲಕ್ಕೆ ಬರೆದುಕೊಳ್ಳುವುದು ನನ್ನ ರೂಢಿ. ಹಿಂದಿನ ಸಂಜೆಯೂ ಹಾಗೇ ಬರೆದಿದ್ದೆ. ಎಡಗಡೆ, ಅವ್ವನದು: ಯಾರದು, ಯಾರದು, ಯಾರದು, ಹನ್ನೊಂದು ಸಲ. ಬಲಗಡೆ, ನನ್ನದು: ಹನ್ನೊಂದು ಉತ್ತರ.

ಎಡಗಡೆ ಒಂದೂ ಉತ್ತರ ಇರಲಿಲ್ಲ.

ಪುಟ ಮುಚ್ಚಿ ಹಿಂದಿನ ದಿನಗಳನ್ನು ನೆನೆದುಕೊಂಡೆ. ಬಂದಾಗಿನಿಂದ ನಾನು ಏನು ಕೇಳಿದರೂ ಅವ್ವ ಪ್ರಶ್ನೆಯನ್ನೇ ತಿರುಗಿಸಿ ಕೊಟ್ಟಿದ್ದಳು. ಯಾವ ಕುರಿ ಈದಿತು ಎಂದರೆ, 'ನಿನ್ನ ರಿಜಿಸ್ಟರ್ ಏನು ಹೇಳ್ತೈತಿ?' ಬಿಪಿ ಗುಳಿಗೆ ತಗೊಂಡೆಯಾ ಎಂದರೆ, 'ತಗೊಳ್ಳದ ಇದ್ದರ ಹಿಂಗ ನಿಂದಿರ್ತಿದ್ನೇನು?' ಮೊದಲು ಅವಳು ನನ್ನನ್ನು ಸೋಲಿಸುತ್ತಿದ್ದುದು ಹೀಗಲ್ಲ. ಯಾವ ಬೇಸಿಗೆಯಲ್ಲಿ, ಯಾರ ಹೊಲದಲ್ಲಿ, ಎಷ್ಟನೆಯ ದಿನ ಏನಾಯಿತೆಂದು ನೆನಪಿನ ಗಂಟು ಬಿಚ್ಚಿ ಮುಖಕ್ಕೆ ಎಸೆಯುತ್ತಿದ್ದಳು. ಈಗ ವಾದದ ವರಸೆ ಮಾತ್ರ ಉಳಿದಿತ್ತು. ಅದು ಎಷ್ಟು ಚೆನ್ನಾಗಿತ್ತೆಂದರೆ, ಇದೇ ಆಟ ಕಲಿತ ನಾನೂ ಹಿಡಿಯಲಿಲ್ಲ. ಹಿಡಿಯಲಿಲ್ಲ ಎನ್ನುವುದಕ್ಕಿಂತ, ಅವ್ವ 'ಭಲೆ' ಅಂದಾಗ ನನಗೆ ಖುಷಿಯಾಗಿತ್ತು. ಎಲ್ಲ ಉತ್ತರ ನಾನೇ ಕೊಟ್ಟು, ಅವ್ವನನ್ನು ಪಾಸು ಮಾಡಿದ್ದೆ.

ಆ ದಿನ ನೂರು ಡೋಸಿನ ಎರಡು ಬಾಟಲಿ ಹೇಗೆ ಮುಗಿಸಿದೆನೋ. ಸಂಜೆ ಮತ್ತೆ ಅವ್ವನ ಪಕ್ಕದಲ್ಲಿ ಕೂತೆ. ನೋಟ್‌ಬುಕ್ ತರಲಿಲ್ಲ.

"ಹೇಳು, ಇದು ಯಾರದು?"

"ಚುಕ್ಕಿದು." ಇದು ಸರಿ.

"ಇದು?"

ಅದು ಬೋಳಿ ಎಂಬ ಕುರಿಯ ಮರಿ. ಎಡಗಿವಿಯ ತುದಿ ಕಂದು, ಕುರುಡರೂ ಹೇಳುವಂಥದ್ದು. ನಾನು ಅಂದೆ, "ಕರಿಮೂತಿದು."

"ಭಲೆ," ಅಂದಳು ಅವ್ವ. ಮರಿಯನ್ನು ಎದೆಗೊತ್ತಿಕೊಂಡು ಕರಿಮೂತಿಯ ಹತ್ತಿರ ಹೋದಳು. ಕೆಚ್ಚಲಿಗೆ ಬಾಯಿ ಹಿಡಿದಳು. ಕರಿಮೂತಿ ತಿರುಗಿ ಮರಿಯ ಬಾಲದ ಬುಡ ಮೂಸಿತು, ತಲೆ ತಗ್ಗಿಸಿ ಒಂದೇ ಸಲ ಗುದ್ದಿತು. ಮರಿ ಹೋಗಿ ಬೇಲಿಯ ಹತ್ತಿರ ಬಿದ್ದು ಅರಚಿತು. ನಾನು ಓಡಿ ಹೋಗಿ ಎತ್ತಿಕೊಂಡೆ. ಪೆಟ್ಟೇನೂ ಆಗಿರಲಿಲ್ಲ. ಗೂಡಿನ ಬಾಗಿಲಲ್ಲಿದ್ದ ಅತ್ತಿಗೆ ಎಲ್ಲವನ್ನೂ ನೋಡುತ್ತಿದ್ದಳು.

ಅವ್ವ ಕರಿಮೂತಿಯನ್ನು ನೋಡಿದಳು, ಮರಿಯನ್ನು ನೋಡಿದಳು, ಕೊನೆಗೆ ನನ್ನನ್ನು.

"ಬೇಕಂತ ಸುಳ್ಳು ಹೇಳಿದಿ."

"ಹೂಂ."

"ತಾಯಿಗಿ ಸುಳ್ಳು ಹೇಳ್ತಿ."

"ಹೂಂ, ಅವ್ವಾ."

ಹೇಳಲು ನನ್ನಲ್ಲಿ ಮೂರು ಅಂಶಗಳು ಸಿದ್ಧವಾಗಿದ್ದವು: ಕಾಲುವೆ, ಗುಳಿಗೆ, ಸತ್ತ ಮರಿಗಳು. ಒಂದನ್ನೂ ಹೇಳಲಿಲ್ಲ. ಅವ್ವ ಅಲ್ಲೇ ಹಿಕ್ಕೆಗಳ ಮೇಲೆ ಕೂತಳು. ಸೀರೆಯ ಸೆರಗಿನಿಂದ ಮರಿಯ ಮೂತಿ ಒರೆಸುತ್ತ ಹೇಳಿದಳು:

"ಕುರಿ ಮುಖ ಗೊತ್ತಾಗ್ತಾವ. ಮರಿ ಮುಖಾನೂ ಗೊತ್ತಾಗ್ತಾವ. ಎರಡೂ ಕೂಡವಲ್ಲವು."

"ಯಾವಾಗಿಂದ?"

"ದೀಪಾವಳಿಗಿ ಮೊದಲು... ಹೌದೋ ಅಲ್ಲೋ. ಅದೂ ಕೂಡವಲ್ದು ನೋಡು." ನಗಲು ನೋಡಿದಳು. "ಯಾರ ಮುಂದ ಹೇಳಬೇಕಿತ್ತು? ಮರಿ ಯಾರದು ಗೊತ್ತಿಲ್ಲಂದ್ರ ಹಟ್ಟ್ಯಾಗ ನನಗೇನು ಕೆಲಸ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ನಾನೇ ಎಂದು ಗೊತ್ತಿತ್ತು. ಅಷ್ಟರಲ್ಲಿ ಅತ್ತಿಗೆ ಬಂದು ಅವ್ವನ ಪಕ್ಕ ಕೂತಳು. "ಅತ್ತೀ, ಬೋಳಿ ನನ್ನ ಹತ್ರ ನಿಲ್ಲಂಗಿಲ್ಲ. ಒದೀತೈತಿ. ನೀ ಕಿವಿ ಹಿಡಕೊಂಡರ ಮಾತ್ರ ನಿಲ್ತೈತಿ. ಏಳು." ಅವ್ವ ಎದ್ದು ಬೋಳಿಯ ಕಿವಿ ಹಿಡಿದಳು. ಕುರಿ ಕಲ್ಲಿನ ಹಾಗೆ ನಿಂತಿತು. ಅತ್ತಿಗೆ ಮರಿಗೆ ಕುಡಿಸಿದಳು. ಉಳಿದ ಒಂಬತ್ತೂ ಹಾಗೇ ಮುಗಿದವು.

ಅತ್ತಿಗೆಗೆ ನಾನು ತಪ್ಪಾಯಿತೆಂದು ಹೇಳಿದ್ದು ಆಮೇಲೆ, ಪಾತ್ರೆ ತೊಳೆಯುವಾಗ. "ಎರಡು ಮರಿ ಹೂಳಿದಾಕಿ ಮಾತು ನಂಬದ, ನೋಟ್‌ಬುಕ್ ನಂಬಿದೆ," ಅಂದೆ. ಅವಳು ಕೈಗಿಷ್ಟು ಬೂದಿ ಕೊಟ್ಟು, "ಆ ಅನ್ನದ ಗುಂಡಿ ತಿಕ್ಕು, ಅಡಿ ಹಿಡದೈತಿ," ಅಂದಳು. ಅದನ್ನು ಕ್ಷಮೆ ಎಂದೇ ತಿಳಿದುಕೊಂಡೆ.

ಆ ವಾರವೇ ಅವ್ವನನ್ನು ಆದೋನಿಯ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. "ನಿಮ್ಮ ಗೋಡಿ ಮ್ಯಾಲೆ ಕ್ಯಾಲೆಂಡರ್ ಐತಲ್ಲರೀ, ನನ್ನ ಯಾಕ ಕೇಳ್ತೀರಿ?" ಅಂದಳು ಅವ್ವ. ಡಾಕ್ಟರು ನಕ್ಕರು. ಈ ಸಲ ನಾನು ನಗಲಿಲ್ಲ. "ಅವ್ವಾ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಇಲ್ಲಿ ಸೋತರ ಔಷಧ ಸಿಗ್ತೈತಿ," ಅಂದೆ. ಅವಳು ಡಾಕ್ಟರ ಕಡೆ ತಿರುಗಿ, "ಗೊತ್ತಿಲ್ಲರೀ," ಅಂದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಅದನ್ನು ತೆಗೆಯಬಹುದು. ರಕ್ತ ಕಡಿಮೆ, ಅದನ್ನೂ ಸರಿಪಡಿಸಬಹುದು. ಮರೆವು ಮಾತ್ರ ಪೂರ್ತಿ ಹಿಂದಕ್ಕೆ ಹೋಗುವುದಲ್ಲ, ಗುಳಿಗೆಯಿಂದ ಅದರ ಓಟ ಸ್ವಲ್ಪ ನಿಧಾನವಾಗಬಹುದು ಎಂದರು. ಗುಳಿಗೆ ಕೊಡುವವರೊಬ್ಬರು, ಗುರುತಿನ ಜಾಗ, ಕೈಗೆ ಗೊತ್ತಿರುವ ಕೆಲಸ. ಈ ಮೂರೂ ತಪ್ಪಬಾರದು.

ಗುರುತಿನ ಜಾಗ ಎಂದರೆ ಊರು. ಕೈಗೆ ಗೊತ್ತಿರುವ ಕೆಲಸ ಎಂದರೆ ಮರಿ. ಮರಿಗಳೋ ಹೊಳೆಗೆ ಹೊರಟಿದ್ದವು. ಇದನ್ನು ಹೇಗೆ ಕೂಡಿಸುವುದೆಂದು ಮೂರು ದಿನ ಕೂತು ಜಗಳವಾಡಿದೆವು. ಹಿಂಡನ್ನು ಒಡೆಯೋಣ ಎಂದು ನಾನಂದೆ. ಮರಿ ಇರುವ ನಲವತ್ತು ಕುರಿ ಊರಿನಲ್ಲಿ, ಅತ್ತಿಗೆ-ಅವ್ವನ ಜೊತೆ; ಉಳಿದವು ಅಣ್ಣನ ಜೊತೆ ಹೊಳೆಗೆ.

"ಹಾಲು ಕೊಡೂ ಕುರಿ ಬ್ಯಾಸಿಗಿ ಪೂರಾ ಊರಾಗಂದ್ರ ಮೇವು ಎಲ್ಲಿ ತರ್ತಿ? ನಿನ್ನ ನೋಟ್‌ಬುಕ್ ಹಾಕ್ತಿಯೇನು?" ಎಂದ ಅಣ್ಣ.

ನ್ಯಾಯವಾದ ಪ್ರಶ್ನೆಯೇ. ಶೇಂಗಾ ಹೊಟ್ಟು ಮನೆಯಲ್ಲಿದ್ದದ್ದು ಒಂದೂವರೆ ತಿಂಗಳಿಗೆ ಸಾಲುತ್ತಿತ್ತು. ಉಳಿದದ್ದಕ್ಕೆ ಲಸಿಕೆಗೆಂದು ತಿರುಗುವ ಊರುಗಳಲ್ಲಿ ನಾನು ಹೊಟ್ಟು ಕೇಳಿ ಹೊಂದಿಸುವುದು, ಬಾಡಿಗೆ ಕೋಣೆ ಬಿಟ್ಟು ಮನೆಯಿಂದಲೇ ಗಾಡಿಯ ಮೇಲೆ ಡ್ಯೂಟಿಗೆ ಹೋಗುವುದು, ಬೆಳಗಿನ ಮತ್ತು ಸಂಜೆಯ ಗುಳಿಗೆ ನನ್ನ ಜವಾಬ್ದಾರಿ ಎಂದು ಕೊನೆಗೆ ಒಪ್ಪಂದವಾಯಿತು. ಅಣ್ಣ ಪೂರ್ತಿ ಒಪ್ಪಿಕೊಂಡು ಹೂಂ ಅಂದನೆಂದು ನಾನು ಹೇಳಲಾರೆ. ಹೆಂಡತಿಯನ್ನು ಬಿಟ್ಟು ನಾಲ್ಕೈದು ತಿಂಗಳು ಅವನು ಹೊರಗಿದ್ದದ್ದೇ ಇಲ್ಲ.

ಹಿಂಡು ಹೊರಟ ಬೆಳಿಗ್ಗೆ ಅವ್ವ ಬೇಗನೆ ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು. ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ನಡೀರಿ, ಬಿಸಲಾಗ್ತೈತಿ."

"ಅವ್ವಾ, ಈ ಸಲ ನಾವು ಹೋಗಂಗಿಲ್ಲ. ಮರಿ ಕುರಿ ಇಲ್ಲೇ ಇರ್ತಾವ. ನಾವೂ ಇಲ್ಲೇ."

"ಯಾಕ?"

ಕಾರಣ ಹೇಳಿದೆ. ಕಣ್ಣಿನ ಆಪರೇಷನ್, ಗುಳಿಗೆ, ಮರೆವು, ಏನನ್ನೂ ಮುಚ್ಚಿಡಲಿಲ್ಲ. ಅವ್ವ ಪೂರ್ತಿ ಕೇಳಿ, ಹೊಟ್ಟು ಸಾಲುವುದಿಲ್ಲ ಎಂದು ತಕರಾರು ತೆಗೆದಳು. ಅದಕ್ಕೆ ಉತ್ತರ ಕೊಟ್ಟ ಮೇಲೆ ಒಪ್ಪಿಕೊಂಡು ಕಂಬಳಿ ಒಳಗಿಟ್ಟಳು. ಹಿಂಡು ರೈಲುಗೇಟು ದಾಟಿ ಧೂಳಾಗುವವರೆಗೆ ನಿಂತು ನೋಡಿದೆವು. ಹಿಂತಿರುಗಿ ಬಂದು ಚಹಾ ಕುಡಿಯುವಾಗ, "ನಾವ್ಯಾವಾಗ ಹೊರಡೂದು?" ಅಂದಳು. ಮತ್ತೆ ಹೇಳಿದೆ. ಈ ಸಲ ತಕರಾರು ಬೇರೆ: ಊರ ನೀರಿಗೆ ಕುರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅದನ್ನೂ ಬಗೆಹರಿಸಿದೆ, ಒಪ್ಪಿಕೊಂಡಳು. ನಾನು ಡ್ಯೂಟಿಗೆ ಹೊರಟು ಗಾಡಿ ಒದೆಯುತ್ತಿದ್ದಾಗ ಮೂರನೆಯ ಸಲ ಕೇಳಿದಳು. ಗಾಡಿಗೆ ಸ್ಟ್ಯಾಂಡ್ ಹಾಕಿ ಇಳಿದು, ಮೊದಲ ಸಲ ಹೇಳುವವಳಂತೆ ಮೊದಲಿನಿಂದ ಹೇಳಿದೆ. ಅವ್ವ ಕಲ್ಲಿನ ಮೇಲೆ ಕೂತು, ಗಲ್ಲಕ್ಕೆ ಕೈಯಿಟ್ಟು, ನನ್ನ ಪ್ರತಿಯೊಂದು ಮಾತನ್ನೂ ತೂಗಿ ನೋಡುವಂತೆ ಕೇಳಿದಳು.

"ಎಲ್ಲಾ ಸರಿ," ಅಂದಳು ಕೊನೆಗೆ. "ಆದರ ಇಷ್ಟು ದೊಡ್ಡ ಮಾತು, ನನಗ ಮೊದಲೇ ಯಾಕ ಹೇಳಲಿಲ್ಲ?"

"ತಪ್ಪಾತವ್ವಾ," ಅಂದೆ. "ನಾಳೆ ಮೊದಲೇ ಹೇಳ್ತೀನಿ."